ರಿಜಿಸ್ಟರ್ ತುಂಬಾ ಸೊನ್ನೆ

ಹೋದ ವಾರ ಒಂದು ಆರೋಗ್ಯ ಉಪಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಮೆಡಿಕಲ್ ಕಾಲೇಜಿನಲ್ಲಿ ಸಮುದಾಯ ವೈದ್ಯಕೀಯ ಕಲಿಸುತ್ತೇನೆ. ರೋಗ ಬಂದ ಮೇಲೆ ಓಡಾಡುವುದಕ್ಕಿಂತ ಬರದ ಹಾಗೆ ನೋಡಿಕೊಳ್ಳುವುದು ನಮ್ಮ ವಿಭಾಗದ ಕೆಲಸ. ಆರು ತಿಂಗಳ ಹಿಂದೆ ಸಿಎಚ್‌ಒಗಳಿಗೆ, ಅಂದರೆ ಉಪಕೇಂದ್ರದಲ್ಲಿ ಕೂರುವ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ, ಬಿಪಿ ಮತ್ತು ಶುಗರ್ ತಪಾಸಣೆ ಬಗ್ಗೆ ಮೂರು ದಿನದ ತರಬೇತಿ ನಡೆಸಿದ್ದೆವು. ಅವರಲ್ಲಿ ಒಬ್ಬರು ಈ ಉಪಕೇಂದ್ರದವರು. ಪೋಸ್ಟ್-ಟೆಸ್ಟ್‌ನಲ್ಲಿ 20ಕ್ಕೆ 19 ತೆಗೆದಿದ್ದರು. ನನಗೆ ಚೆನ್ನಾಗಿ ನೆನಪಿದೆ.

ನಾನು ಹೋದಾಗ ಬಿಸಿಲಲ್ಲಿ ನಡೆದು ಬಂದ ಒಬ್ಬರು ಅಜ್ಜಿ ಆಗ ತಾನೇ ಸ್ಟೂಲ್ ಮೇಲೆ ಕೂತರು. ಕೂತ ಕೂಡಲೇ ಆ ಸಿಎಚ್‌ಒ ಸಿಸ್ಟರ್ ಕಫ್ (ತೋಳಿಗೆ ಸುತ್ತುವ ಗಾಳಿ ಪಟ್ಟಿ) ಕಟ್ಟಿದರು, ರವಿಕೆಯ ತೋಳಿನ ಮೇಲೆಯೇ. ಕೈ ಇಡಲು ಟೇಬಲ್ ಇಲ್ಲ, ಅಜ್ಜಿ ಹಾಗೇ ಇಳಿಬಿಟ್ಟಿದ್ದರು. ಬೆನ್ನಿಗೆ ಆಸರೆ ಇಲ್ಲ. ಮೆಷಿನ್ ಗಾಳಿ ತುಂಬುತ್ತಿರುವಾಗಲೇ ಅಜ್ಜಿ ಸೊಸೆಯ ಹೆರಿಗೆ ವಿಷಯ ಹೇಳುತ್ತಿದ್ದರು. 157/94 ಬಂತು. ಸಿಸ್ಟರ್ ರಿಜಿಸ್ಟರ್‌ನಲ್ಲಿ 160/90 ಅಂತ ಬರೆದುಕೊಂಡರು.

ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ನೆ ಕೂರಿಸಬೇಕು. ಬೆನ್ನಿಗೆ ಆಸರೆ ಬೇಕು, ಪಾದ ನೆಲಕ್ಕೆ ತಾಗಿರಬೇಕು. ತೋಳು ಎದೆಯ ಮಟ್ಟದಲ್ಲಿ ಏನಾದರೊಂದರ ಮೇಲೆ ಒರಗಿರಬೇಕು, ಕಫ್ ಬರಿ ಚರ್ಮದ ಮೇಲೆ ಇರಬೇಕು. ಮಾತಾಡಬಾರದು. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಬೇಕು. ಇದರಲ್ಲಿ ಒಂದೊಂದು ತಪ್ಪಿದರೂ ಬಿಪಿ ಸುಮ್ಮಸುಮ್ಮನೆ ಜಾಸ್ತಿ ತೋರಿಸಬಹುದು. ಇದೆಲ್ಲ ಆ ಸಿಸ್ಟರ್‌ಗೆ ಬಾಯಿಪಾಠ. ನಾನು ಕೇಳಿದಾಗ ಒಂದೂ ಬಿಡದೆ ಹೇಳಿದರು. ಆಮೇಲೆ ಬಾಗಿಲ ಕಡೆ ನೋಡಿ, "ಸರ್, ಹೊರಗೆ ಇನ್ನೂ ಹನ್ನೆರಡು ಜನ ಇದ್ದಾರೆ" ಅಂದರು.

ಇಬ್ಬರೂ ಸೇರಿ ಪಕ್ಕದ ಅಂಗನವಾಡಿಯಿಂದ ಬೆನ್ನಿರುವ ಒಂದು ಕುರ್ಚಿ ತಂದೆವು. ಔಷಧಿ ಡಬ್ಬ ಇಟ್ಟಿದ್ದ ಟೇಬಲ್ಲನ್ನು ಎಳೆದು ಹತ್ತಿರ ಹಾಕಿದೆವು. ಅಜ್ಜಿಗೆ ನೀರು ಕೊಟ್ಟು ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಎರಡು ಸಲ ನೋಡಿದರು. 140/86, ಆಮೇಲೆ 136/84. ಇದು ಸಣ್ಣ ವ್ಯತ್ಯಾಸ ಅಲ್ಲ. ಬಿಪಿ ಜಾಸ್ತಿ ಅಂತ ಹೇಳುವ 140/90 ಅನ್ನುವ ಗೆರೆಯ ಯಾವ ಕಡೆ ನೀವಿದ್ದೀರಿ ಅನ್ನುವುದರ ಮೇಲೆ ಮುಂದೆ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಓಡಾಟವೋ, ಮಾತ್ರೆಯೋ ಅಂತ ತೀರ್ಮಾನ ಆಗುತ್ತದೆ.

ಆ ತರಬೇತಿ ಮುಗಿದ ದಿನ ನಾವು ಏನೇನು ಅಳೆದಿದ್ದೆವು? ಪ್ರೀ-ಟೆಸ್ಟ್ ಅಂಕ, ಪೋಸ್ಟ್-ಟೆಸ್ಟ್ ಅಂಕ, ಒಂದು ಫೀಡ್‌ಬ್ಯಾಕ್ ಫಾರಂ. ಫಾರಂನಲ್ಲಿ ಹೆಚ್ಚಿನವರು "ತುಂಬಾ ಉಪಯುಕ್ತ" ಅಂತ ಟಿಕ್ ಹಾಕಿದ್ದರು, ಊಟ ಚೆನ್ನಾಗಿತ್ತು ಅಂತಲೂ ಬರೆದಿದ್ದರು. ನಾವು ಫೋಟೋ ತೆಗೆಸಿಕೊಂಡೆವು, ಸರ್ಟಿಫಿಕೇಟ್ ಕೊಟ್ಟೆವು, ಇಷ್ಟು ಜನಕ್ಕೆ ತರಬೇತಿ ಆಯಿತು ಅಂತ ವರದಿ ಕಳಿಸಿದೆವು. ಅಭ್ಯಾಸ ಮಾಡಿಸಿದ್ದೂ ನಿಜ. ಆದರೆ ಅದು ಹಾಲ್‌ನಲ್ಲಿ, ಒಳ್ಳೆಯ ಕುರ್ಚಿ, ಟೇಬಲ್, ನಾಲ್ಕು ಹೊಸ ಮೆಷಿನ್ ಇಟ್ಟುಕೊಂಡು ಒಬ್ಬರಿಗೊಬ್ಬರು ನೋಡಿಕೊಂಡಿದ್ದು. ಸ್ಟೂಲ್ ಮೇಲೆ ಕೂತ, ದಣಿದ, ಮಾತಾಡುವ ಅಜ್ಜಿ ಅಲ್ಲಿ ಇರಲಿಲ್ಲ.

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಮೇಷ್ಟ್ರು 1959ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ತರಬೇತಿಯನ್ನು ನಾಲ್ಕು ಹಂತದಲ್ಲಿ ಅಳೆಯಬೇಕು. ಬಂದವರಿಗೆ ಇಷ್ಟ ಆಯಿತಾ, ಕಲಿತರಾ, ಕಲಿತದ್ದನ್ನು ಕೆಲಸದ ಜಾಗದಲ್ಲಿ ಮಾಡುತ್ತಿದ್ದಾರಾ, ಅದರಿಂದ ಏನಾದರೂ ಬದಲಾಯಿತಾ. ನಾವು ಎರಡನೇ ಮೆಟ್ಟಿಲಲ್ಲೇ ನಿಂತು ಬಿಟ್ಟಿದ್ದೇವೆ. ಜನರ ಆರೋಗ್ಯ ಇರುವುದು ಮೂರು ಮತ್ತು ನಾಲ್ಕರಲ್ಲಿ.

ಮೂರನೇ ಹಂತ ನೋಡಲು ದೊಡ್ಡ ಸರ್ವೆ ಏನೂ ಬೇಕಾಗಿಲ್ಲ. ರಿಜಿಸ್ಟರ್ ತೆರೆದು ಬಿಪಿಯ ಕೊನೆಯ ಅಂಕಿ ನೋಡಿದರೆ ಸಾಕು. ಡಿಜಿಟಲ್ ಮೆಷಿನ್‌ನಲ್ಲಿ ನಿಜವಾಗಿ ನೋಡಿ ಇದ್ದದ್ದನ್ನು ಇದ್ದ ಹಾಗೆ ಬರೆದರೆ, ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲ ಅಂಕಿಗಳೂ ಹೆಚ್ಚುಕಡಿಮೆ ಸಮನಾಗಿ ಬರಬೇಕು. ಸೊನ್ನೆ ಬರಬೇಕಾದದ್ದು ಹತ್ತರಲ್ಲಿ ಒಂದು ಸಲ. ಕೈಯಲ್ಲಿ ಒತ್ತಿ ಗಾಳಿ ತುಂಬುವ ಹಳೆಯ ಬಿಪಿ ಮೆಷಿನ್ ಆದರೆ ಸಮಸಂಖ್ಯೆ ಮಾತ್ರ ಬರೆಯುವ ರೂಢಿ, ಆಗ ಐದರಲ್ಲಿ ಒಂದು ಸಲ. ಈ ಉಪಕೇಂದ್ರದ್ದು ಡಿಜಿಟಲ್ ಮೆಷಿನ್. ನಾನು ತೆರೆದ ಪುಟದಲ್ಲಿ 20 ಹೆಸರಿತ್ತು. ಎರಡು ಬಿಟ್ಟು ಉಳಿದದ್ದೆಲ್ಲ 120/80, 130/80, 140/90. ಮೇಲಿಂದ ಕೆಳಗಿನವರೆಗೆ ಸೊನ್ನೆ.

ಯಾಕೆ ಅಂತ ಕೇಳಿದೆ. ಬೈಯಲು ಬಂದಿಲ್ಲ ಅಂತ ಗೊತ್ತಾದ ಮೇಲೆ ಹೇಳಿದರು. ಕೆಲವು ದಿನ ಮೆಷಿನ್ನಿನ ಸೆಲ್ ಮುಗಿದಿರುತ್ತದೆ, ಹೊಸದಕ್ಕೆ ಕೈಯಿಂದಲೇ ಹಣ ಹಾಕಬೇಕು. ಇರುವುದು ಒಂದೇ ಅಳತೆಯ ಕಫ್, ದಪ್ಪ ತೋಳಿಗೆ ಸುತ್ತು ಬರುವುದಿಲ್ಲ. ಇಷ್ಟರ ನಡುವೆ ಸಂಜೆಯೊಳಗೆ ಪೋರ್ಟಲ್‌ಗೆ ಇಂತಿಷ್ಟು ಹೆಸರು ಏರಿಸಲೇಬೇಕು. ಇನ್ನೊಂದು ಮೂರು ದಿನದ ತರಬೇತಿ ಕೊಟ್ಟರೆ ಇದರಲ್ಲಿ ಯಾವುದು ಸರಿಹೋಗುತ್ತದೆ ಹೇಳಿ? ಅವರಿಗೆ ಬೇಕಾಗಿದ್ದದ್ದು ಒಂದು ಕುರ್ಚಿ, ನಾಲ್ಕು ಸೆಲ್, ದೊಡ್ಡ ಕಫ್, ಮತ್ತು ಟಾರ್ಗೆಟ್ ಬಗ್ಗೆ ಮೇಲಿನವರ ಹತ್ತಿರ ಮಾತಾಡುವ ಯಾರಾದರೂ ಒಬ್ಬರು. ತರಬೇತಿ ಫಲ ಕೊಡದಿದ್ದಾಗ ಕಲಿತವರನ್ನೇ ದೂರುವುದು ನಮ್ಮಲ್ಲಿ ಅಭ್ಯಾಸ ಆಗಿಬಿಟ್ಟಿದೆ. ನನಗೆ ಇದು ನಿಜಕ್ಕೂ ಬೇಸರ ತರಿಸುತ್ತದೆ.

ಸರಿಯಾಗಿ ಅಳೆದವರೂ ಇದ್ದಾರೆ. 2017ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ವಿಶ್ವ ಆರೋಗ್ಯ ಸಂಸ್ಥೆ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸೇರಿ ಶುರು ಮಾಡಿದ ಐಎಚ್‌ಸಿಐ ಅನ್ನುವ ಬಿಪಿ ಕಾರ್ಯಕ್ರಮ ಕೇಳಿದ ಪ್ರಶ್ನೆ ಬೇರೆ. ನೋಂದಣಿ ಆದವರಲ್ಲಿ ಎಷ್ಟು ಜನರ ಬಿಪಿ 140/90ಕ್ಕಿಂತ ಕೆಳಗಿದೆ? ನೇರವಾಗಿ ನಾಲ್ಕನೇ ಹಂತಕ್ಕೇ ಹೋದರು. ರೋಗ ಹರಡಿದಾಗ ಮೂಲ ಹುಡುಕುವವರನ್ನು ತಯಾರು ಮಾಡುವ ಎಫ್‌ಇಟಿಪಿ ಕೋರ್ಸ್ ಕೂಡ ಹಾಗೇ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಲ್ಲಿ (ಎನ್‌ಐಇ) 2001ರಿಂದ ನಡೆಯುತ್ತಿದೆ. ಎರಡು ವರ್ಷದಲ್ಲಿ ಕ್ಲಾಸಿಗಿಂತ ಫೀಲ್ಡ್ ಜಾಸ್ತಿ. ನಿಜವಾದ ಊರಿನ ನಿಜವಾದ ರೋಗದ ಬೆನ್ನು ಹತ್ತಿ ವರದಿ ತರಬೇಕು, ಅದೇ ಪರೀಕ್ಷೆ.

ಎಲ್ಲರಿಗೂ ಎರಡು ವರ್ಷ ಕೊಡಲು ಆಗುವುದಿಲ್ಲ, ಗೊತ್ತು. ಆದರೆ ಮೂರು ದಿನದ ತರಬೇತಿಯನ್ನು ಎರಡು ದಿನಕ್ಕೆ ಇಳಿಸಿ, ಮೂರನೇ ದಿನದ ಹಣವನ್ನು ಮೂರು ತಿಂಗಳ ನಂತರದ ಒಂದು ಭೇಟಿಗೆ ಇಡಬಹುದು, ಅಲ್ವಾ? ಕಲಿಸಿದವರೇ ಹೋಗಬೇಕು. ಅರ್ಧ ದಿನ ಕೂತು, ನಡುವೆ ಬಾಯಿ ಹಾಕದೆ ಐದು ಜನರ ತಪಾಸಣೆ ನೋಡಬೇಕು. ರಿಜಿಸ್ಟರ್‌ನ ಎರಡು ಪುಟ ತಿರುವಬೇಕು. ಏನು ಅಡ್ಡಿ ಬರುತ್ತಿದೆ ಅಂತ ಕೇಳಿ ಬರೆದುಕೊಳ್ಳಬೇಕು. ಈ ಮಾತನ್ನು ನಮ್ಮ ಮೀಟಿಂಗ್‌ನಲ್ಲಿ ಇಟ್ಟಾಗ "ಅದಕ್ಕೆ ಬಜೆಟ್ ಹೆಡ್ ಇಲ್ಲ" ಅನ್ನುವ ಉತ್ತರ ಬಂತು. ಬ್ಯಾಗು, ಫೈಲು, ಬ್ಯಾನರ್‌ಗೆ ಇದೆ.

ಮುಂದಿನ ತಿಂಗಳು ಪಿಜಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಇನ್ನೂ ಆರು ಉಪಕೇಂದ್ರಕ್ಕೆ ಹೋಗುತ್ತಿದ್ದೇನೆ. ಇದನ್ನು ಓದುತ್ತಿರುವ ಸಿಎಚ್‌ಒಗಳು, ಆಶಾ ಕಾರ್ಯಕರ್ತೆಯರು ಇದ್ದರೆ ದಯವಿಟ್ಟು ಹೇಳಿ. ತರಬೇತಿಯಲ್ಲಿ ಕಲಿತು, ಊರಿಗೆ ಹೋದ ಮೇಲೆ ಮಾಡಲು ಆಗದೇ ಉಳಿದದ್ದು ಯಾವುದು? ಯಾವುದು ಅಡ್ಡ ಬಂತು? ಹೆಸರು ಹಾಕುವುದು ಬೇಡ, ಇನ್‌ಬಾಕ್ಸ್‌ಗೆ ಬರೆದರೂ ಸಾಕು. ಹೋಗುವ ಮುಂಚೆ ಎಲ್ಲವನ್ನೂ ಓದಿಕೊಂಡು ಹೋಗುತ್ತೇನೆ.