ಗಲ್ಲಾದ ದುಡ್ಡು, ಕಿಸೆಯ ದುಡ್ಡು

ನಮ್ಮಜ್ಜನ ಲೆಕ್ಕದಲ್ಲಿ ದುಡ್ಡಿಗೆ ಎರಡೇ ಜಾತಿ. ಗಲ್ಲಾದ ದುಡ್ಡು ಒಂದು, ಕಿಸೆಯ ದುಡ್ಡು ಇನ್ನೊಂದು. ಬಿಳಿದು, ಕಪ್ಪು ಅಂತ ಲೋಕ ಮಾಡಿಕೊಂಡ ವಿಂಗಡಣೆಗೆ ಅವರು ತಲೆ ಕೆಡಿಸಿಕೊಂಡವರಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಬರುವ ಗುಜರಾತಿ ವಕೀಲರಿದ್ದರು. ಗಲ್ಲಾದ ದುಡ್ಡು ಕಿಸೆಗೆ ಯಾವಾಗ ಬರಬೇಕು, ಎಷ್ಟು ಬರಬೇಕು, ಬರಲೇಬೇಕಾ? ಅಜ್ಜನ ಅರ್ಥಶಾಸ್ತ್ರ ಇಷ್ಟೇ.

ಹೋಟೆಲು ಇದ್ದದ್ದು ಲಾಲ್‌ಬಾಗಿನಲ್ಲಿ. ಬೆಂಗಳೂರಿನವರು ಗುಲಾಬಿ ತೋಟ ಅಂದುಕೊಳ್ಳಬೇಡಿ. ಇದು ಮುಂಬಯಿಯ ಲಾಲ್‌ಬಾಗ್, ಬಟ್ಟೆ ಗಿರಣಿಗಳ ಊರು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದ ಅಜ್ಜ ಮೊದಲು ಕಪ್ಪು ಬಸಿ ತೊಳೆದರು, ಆಮೇಲೆ ಟೇಬಲ್ ಒರೆಸಿದರು. ರಾತ್ರಿ ಮುಂಬಯಿಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆಗೆ ಹೋಗಿ ಅಷ್ಟಿಷ್ಟು ಇಂಗ್ಲಿಷು, ಬೇಕಾದಷ್ಟು ಲೆಕ್ಕ ಕಲಿತರು. ಮುಂಬಯಿಯ ಉಡುಪಿ ಹೋಟೆಲಿನವರ ಮನೆಗಳಲ್ಲಿ ಈ ಕಥೆ ಎಲ್ಲರಿಗೂ ಬಾಯಿಪಾಠ. ಮುಂದೆ ಹೋಗೋಣ.

ಗಲ್ಲಾ ಅಂದರೆ ತೇಗದ ಒಂದು ಪೆಟ್ಟಿಗೆ. ಮುಚ್ಚಳ ಇಳಿಜಾರು. ಅದರ ಮೇಲೆ ಕೃಷ್ಣನ ಫೋಟೋ, ಊದುಬತ್ತಿಯ ಬೂದಿ, ಸೋಂಪಿನ ತಟ್ಟೆ. ಒಳಗೆ ಮರದಲ್ಲೇ ಕೊರೆದ ಕುಳಿಗಳು, ನಾಣ್ಯಕ್ಕೊಂದರಂತೆ. ಅಜ್ಜ ಅದನ್ನು ಯಾರಿಂದಲೋ ಹಳೇ ಬೆಲೆಗೆ ಕೊಂಡದ್ದು. ಕುಳಿಗಳು ಆಣೆ ಕಾಲದವು. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತು, ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ಪೈಸೆ ಆಯಿತು. ಪೆಟ್ಟಿಗೆಗೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ. ಎರಡಾಣೆಯ ಕುಳಿಯಲ್ಲಿ ಐದು ಪೈಸೆಗಳು ಗಲಗಲ ಅನ್ನುತ್ತಿದ್ದವು. ನಾನು ನೋಡುವ ಹೊತ್ತಿಗೆ ಅವೂ ಹೋಗಿ, ಆ ಕುಳಿಯಲ್ಲಿ ರಬ್ಬರ್ ಬ್ಯಾಂಡು, ಗುಂಡುಪಿನ್ನು, ಯಾರೋ ಮರೆತು ಹೋದ ಕನ್ನಡಕದ ಒಂದು ಕಾಲು ಇತ್ತು.

ಹೆಣ್ಣುಮಕ್ಕಳು ಗಲ್ಲಾದಲ್ಲಿ ಕೂರುವ ರೂಢಿ ನಮ್ಮಲ್ಲಿರಲಿಲ್ಲ. ಆದರೆ ಅಜ್ಜನಿಗೆ ಮಧ್ಯಾಹ್ನದ ನಿದ್ದೆ ಬೇಕಿತ್ತು. ರಜೆಯಲ್ಲಿ ಮನೆಯಲ್ಲಿ ಸುಮ್ನೆ ಕೂತವಳು ನಾನೊಬ್ಬಳೇ. ಸ್ತ್ರೀ ಸಮಾನತೆ ನಮ್ಮ ಮನೆಗೆ ಬಂದದ್ದು ಹೀಗೆ, ಮೂರು ಗಂಟೆಯಿಂದ ನಾಲ್ಕೂವರೆವರೆಗೆ.

ಬಿಲ್ಲು ಗಿಲ್ಲು ಇರಲಿಲ್ಲ. ಗಿರಾಕಿ ಕೈ ತೊಳೆದು ಬರುವಾಗ ಹಿಂದಿನಿಂದ ವೇಟರ್ ಕೂಗುತ್ತಿದ್ದ: "ಚಷ್ಮಾ ಸಾಡೇ ಸಾತ್! ಪೀಛೆ ದೋ ಆದ್ಮಿ ಗ್ಯಾರಾ!" ಕನ್ನಡಕದವರಿಂದ ಏಳೂವರೆ, ಅವರ ಹಿಂದಿನ ಇಬ್ಬರಿಂದ ಹನ್ನೊಂದು. ಅಷ್ಟು ಕೇಳಿಸಿಕೊಂಡು, ನೋಟು ತೆಗೆದುಕೊಂಡು, ಚಿಲ್ಲರೆ ಕೊಡಬೇಕು. ಅಜ್ಜ ಕಲಿಸಿದ ಮೊದಲ ಪಾಠ: ಗಿರಾಕಿ ಕೊಟ್ಟ ನೋಟನ್ನು ಚಿಲ್ಲರೆ ಕೊಟ್ಟು ಮುಗಿಯುವವರೆಗೆ ಒಳಗೆ ಹಾಕುವಂತಿಲ್ಲ. ಮುಚ್ಚಳದ ಮೇಲೆ, ಇಬ್ಬರಿಗೂ ಕಾಣುವ ಹಾಗೆ ಇರಬೇಕು. "ನಾನು ಐವತ್ತು ಕೊಟ್ಟೆ", "ಇಲ್ಲ, ಇಪ್ಪತ್ತು" ಅನ್ನುವ ಜಗಳ ಹುಟ್ಟುವುದೇ ಅವಸರದಲ್ಲಿ ನೋಟು ಒಳಗೆ ಸೇರಿಸಿದಾಗ. ಚಿಲ್ಲರೆ ಬದಲು ಚಾಕಲೇಟ್ ಕೊಡುವ ಅಂಗಡಿಯವರನ್ನು ಕಂಡರೆ ಅಜ್ಜನಿಗೆ ಆಗುತ್ತಿರಲಿಲ್ಲ. ಅವನು ನನ್ನಿಂದ ಚಾಕಲೇಟ್ ವಾಪಸ್ ತೆಗೆದುಕೊಂಡು ಸಾಮಾನು ಕೊಡುತ್ತಾನಾ ಅಂತ ಅವರ ಪ್ರಶ್ನೆ. ತಾವು ಮಾತ್ರ ಬಸ್ ಕಂಡಕ್ಟರುಗಳ ಹತ್ತಿರ, ಹತ್ತಿರದ ಗುಡಿಯವರ ಹತ್ತಿರ ಗೋಗರೆದು ಚಿಲ್ಲರೆ ತರಿಸುತ್ತಿದ್ದರು.

ನಿದ್ದೆಯಿಂದ ಎದ್ದು ಬಂದ ಅಜ್ಜ ಮೊದಲು ಒಂದು ಕಾಫಿ ಕುಡಿಯುತ್ತಿದ್ದರು. ಕುಡಿದು, ತಮ್ಮ ಅಂಗಿಯ ಕಿಸೆಯಿಂದ ದುಡ್ಡು ತೆಗೆದು ನನ್ನ ಮುಂದೆ ಇಡುತ್ತಿದ್ದರು. ತಮ್ಮದೇ ಹೋಟೆಲು, ತಮ್ಮದೇ ಕಾಫಿ, ತಮ್ಮದೇ ಗಲ್ಲಾ. ವೇಟರುಗಳು ಸಹ ಗಂಭೀರವಾಗಿ "ಮಾಲಿಕ್ ದೋ ರುಪಯಾ!" ಅಂತ ಕೂಗುತ್ತಿದ್ದರು. ಯಾಕಜ್ಜ ಅಂದರೆ ಒಂದೇ ಉತ್ತರ: "ಅದ್ ನಮ್ದಲ್ಲ ಮಗಾ, ಮುಟ್ಟುಕಾಗ."

ನಮ್ಮದಲ್ಲದಿದ್ದರೆ ಯಾರದು? ಇದು ನನಗೆ ಅರ್ಥವಾದದ್ದು ಕಾಲೇಜಿನಲ್ಲಿ ಅಕೌಂಟ್ಸ್ ಓದುವಾಗ. ಉಡುಪಿ ಹೋಟೆಲಿನ ಗುಟ್ಟು ಸಾಂಬಾರಿನಲ್ಲಿದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅರ್ಧ ಗುಟ್ಟು ಸಾಲದಲ್ಲಿದೆ. ಅಕ್ಕಿ ಬೇಳೆಯವನಿಗೆ ಹದಿನೈದು ದಿನ ಬಿಟ್ಟು ದುಡ್ಡು. ಹಾಲಿನವನಿಗೆ ವಾರಕ್ಕೊಮ್ಮೆ. ಕೆಲಸದವರಿಗೆ ತಿಂಗಳ ಕೊನೆಗೆ. ಆದರೆ ಇಡ್ಲಿ ತಿಂದವನು ಬಾಯಿ ಒರೆಸಿಕೊಳ್ಳುವ ಮೊದಲೇ ದುಡ್ಡು ಕೊಟ್ಟು ಹೋಗುತ್ತಾನೆ. ಸೋಮವಾರ ಸಾಲಕ್ಕೆ ತಂದ ಅಕ್ಕಿ ನೆನೆದು, ರುಬ್ಬಿ, ಹುಳಿ ಬಂದು, ಬುಧವಾರ ಬೆಳಿಗ್ಗೆ ನಗದಾಗಿರುತ್ತದೆ. ಅಕ್ಕಿಯವನು ಬಾಕಿ ಕೇಳಲು ಬರುವುದು ಇನ್ನೂ ಎಷ್ಟೋ ದಿನಕ್ಕೆ. ಅಷ್ಟು ದಿನ ಗಲ್ಲಾ ತುಂಬಿ ತುಳುಕುತ್ತಿರುತ್ತದೆ. ಕೈಯಲ್ಲಿ ದೊಡ್ಡ ಬಂಡವಾಳ ಇಲ್ಲದ ನಮ್ಮ ಕರಾವಳಿಯ ಹುಡುಗರು ಈ ಊರಲ್ಲಿ ಹೋಟೆಲು ಹಾಕಿ ಉಳಿದದ್ದರಲ್ಲಿ ಈ ಅಂತರದ ಪಾಲು ದೊಡ್ಡದು. ಪುಸ್ತಕದಲ್ಲಿ ಇದಕ್ಕೆ ವರ್ಕಿಂಗ್ ಕ್ಯಾಪಿಟಲ್ ಅಂತ ಒಂದಿಡೀ ಅಧ್ಯಾಯವೇ ಇದೆ. ಅಜ್ಜನ ಬಾಯಲ್ಲಿ ಅದು "ಅಕ್ಕಿಯವನ ದುಡ್ಡು", ಅಷ್ಟೇ.

ಆ ಅಂತರದಲ್ಲೇ ಮುಳುಗಿದವರೂ ಇದ್ದಾರೆ. ಗಲ್ಲಾ ತುಂಬಿದ್ದನ್ನು ನೋಡಿ ಲಾಭ ಬಂತು ಅಂದುಕೊಂಡವರು. ಊರಲ್ಲಿ ತಾರಸಿ ಮನೆ ಕಟ್ಟಿಸಿದರು. ಹರಕೆ ಬಯಲಾಟ ಆಡಿಸಿದರು, ಮೇಳದವರಿಗೆಲ್ಲ ಶಾಲು ಹೊದಿಸಿದರು. ಮಳೆಗಾಲದಲ್ಲಿ ಎರಡು ವಾರ ವ್ಯಾಪಾರ ಬಿದ್ದಾಗ ಅಕ್ಕಿಯವನು ಬಂದು ನಿಂತ. ಗಲ್ಲಾದಲ್ಲಿ ಸೋಂಪು ಮಾತ್ರ ಇತ್ತು. ಕೊನೆಗೆ ಹೋಟೆಲನ್ನು ಕಂಡಕ್ಟಿಂಗ್‌ಗೆ ಕೊಟ್ಟು, ಬೇರೆಯವರು ತಿಂಗಳಿಗಿಷ್ಟು ಅಂತ ಕೊಟ್ಟದ್ದರಲ್ಲಿ ದಿನ ದೂಡಿದರು. ಅಜ್ಜ ಅಂಥವರನ್ನು ಬೈಯುತ್ತಿರಲಿಲ್ಲ. ಬಯಲಾಟ ಚೆನ್ನಾಗಿತ್ತು, ರಾತ್ರಿಯಿಡೀ ನೋಡಿ ಬಂದೆ ಅನ್ನುತ್ತಿದ್ದರು.

ಅವರು ತಿಂಗಳಿಗೊಮ್ಮೆ ಸಂಬಳ ತೆಗೆದುಕೊಳ್ಳುತ್ತಿದ್ದರು. ಪಗಾರದ ಪುಸ್ತಕದಲ್ಲಿ ಅಡುಗೆ ಭಟ್ಟರ ಹೆಸರಿನ ಕೆಳಗೆ ಅವರ ಹೆಸರು, ಎದುರಿಗೆ ಸಹಿ. ಭಟ್ಟರ ಸಂಬಳ ಒಂದು ಕೈ ಜಾಸ್ತಿಯೇ ಇತ್ತು. ಅಜ್ಜಿಗೆ ಇದು ಸರಿಬರುತ್ತಿರಲಿಲ್ಲ. ಭಟ್ಟರ ಹೆಂಡತಿ ಊರಲ್ಲಿ ಬೆಂಡೋಲೆ ಮಾಡಿಸಿಕೊಂಡ ವರ್ಷ ಮನೆಯಲ್ಲಿ ಬಹಳ ದಿನ ಮಾತಿರಲಿಲ್ಲವಂತೆ. ಅಜ್ಜಿಯ ದುಡ್ಡಿನ ಶಾಸ್ತ್ರವೇ ಬೇರೆ. ಚಾಳಿನ ಹೆಂಗಸರ ಜೊತೆ ಭಿಶಿ, ಅಂದರೆ ಚೀಟಿ, ಹಾಕುತ್ತಿದ್ದರು, ಎತ್ತಿದ ದುಡ್ಡನ್ನು ಅಕ್ಕಿ ಡಬ್ಬದ ತಳದಲ್ಲಿ ಇಡುತ್ತಿದ್ದರು. ಗಲ್ಲಾವೂ ಅಲ್ಲದ ಕಿಸೆಯೂ ಅಲ್ಲದ ಆ ಮೂರನೇ ಜಾತಿಯ ದುಡ್ಡೇ ಎರಡು ಮದುವೆ ಮಾಡಿಸಿತು. ಅಜ್ಜ ಅದನ್ನು ತಮ್ಮ ಸಿದ್ಧಾಂತಕ್ಕೆ ಸೇರಿಸಿಕೊಳ್ಳಲೇ ಇಲ್ಲ.

ಪಿಗ್ಮಿ ಉಳಿತಾಯದ ವಿಷಯದಲ್ಲಿ ಮಾತ್ರ ಗಂಡ ಹೆಂಡತಿ ಒಂದೇ ಪಕ್ಷ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅನ್ನಿಸಿಕೊಂಡ ಸಂಸ್ಥೆ 1928ರಲ್ಲಿ ಈ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬಂದು ಕಟ್ಟಿಸಿಕೊಂಡು ಹೋಗುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಅನ್ನುವ ಮಾತು ನಮ್ಮವರ ಬಾಯಲ್ಲಿ ಉಳಿದಿದೆ. ಲಾಲ್‌ಬಾಗಿಗೂ ಒಬ್ಬ ಏಜೆಂಟ್ ದಿನಾ ಸಂಜೆ ಬರುತ್ತಿದ್ದ. ಉಳಿದರೆ ಕಟ್ಟೋಣ ಅನ್ನುವ ಮಾತು ಅಜ್ಜನ ಹತ್ತಿರ ಇರಲಿಲ್ಲ. ಹಾಲಿನವನ ಬಿಲ್ಲಿನ ಹಾಗೆ ಅದೂ ಒಂದು ಬಿಲ್ಲು. ವ್ಯಾಪಾರ ಬಿದ್ದ ದಿನ ಏಜೆಂಟನೇ ಮುಜುಗರಪಟ್ಟು "ನಾಳೆ ಬರ್ತೇನೆ ಶೇಟ್" ಅಂದರೂ ಬಿಡುತ್ತಿರಲಿಲ್ಲ, ಕರೆದು ಕೂರಿಸಿ ಕಟ್ಟುತ್ತಿದ್ದರು.

ಇಷ್ಟೆಲ್ಲ ಶಿಸ್ತಿನ ಮನುಷ್ಯನ ಉದ್ರಿ ಪುಸ್ತಕ ನೋಡಿದರೆ ನೀವು ನಗುತ್ತೀರಿ. ಗೋಡೆಯಲ್ಲಿ "ಆಜ್ ರೋಖ್, ಉದ್ಯಾ ಉಧಾರ್" ಅಂತ ಬೋರ್ಡು, ಇವತ್ತು ನಗದು ನಾಳೆ ಸಾಲ. ಬೋರ್ಡಿನ ಕೆಳಗೇ ಕೆಂಪು ಬಟ್ಟೆಯ ರಟ್ಟಿನ ಪುಸ್ತಕ. ಗಿರಣಿ ಕೆಲಸಗಾರರಿಗೆ ಪಗಾರದ ದಿನದವರೆಗೆ ಉದ್ರಿ ಕೊಡದಿದ್ದರೆ ಆ ಏರಿಯಾದಲ್ಲಿ ಹೋಟೆಲು ನಡೆಯುವುದೇ ಇಲ್ಲ. ಗಡಿಬಿಡಿಯಲ್ಲಿ ಹೆಸರು ಕೇಳುವವರು ಯಾರು? ಅಜ್ಜ ತಮಗೆ ಗುರುತಾಗುವ ಹಾಗೆ ಬರೆದುಕೊಂಡಿದ್ದರು. "ಚೌಕಳಿ ಅಂಗಿ". "ಬೀಡಿ ಮಾಮ". "ಚಟ್ನಿ ಮೂರು ಸಲ". "ಚಟ್ನಿ ಮೂರು ಸಲದವನ ತಮ್ಮ".

1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ. ಮುಷ್ಕರ ಅಧಿಕೃತವಾಗಿ ಮುಗಿಯಿತು ಅಂತ ಯಾರೂ ಸಾರಲಿಲ್ಲ, ಎಷ್ಟೋ ಗಿರಣಿಗಳು ಮತ್ತೆ ಬಾಗಿಲು ತೆಗೆಯಲೂ ಇಲ್ಲ. ಕೊಂಕಣದವರು ಕೊಂಕಣಕ್ಕೆ, ಸಾತಾರದವರು ಸಾತಾರಕ್ಕೆ ಹೊರಟುಹೋದರು. ಚೌಕಳಿ ಅಂಗಿಯನ್ನು ಇನ್ನೆಲ್ಲಿ ಹುಡುಕುವುದು? ಹುಡುಕುವ ಯೋಚನೆ ಅಜ್ಜನಿಗೂ ಬಂದಿರಲಿಕ್ಕಿಲ್ಲ. ಆದರೆ ಅಕ್ಕಿಯವನಿಗೆ ಆ ವರ್ಷವೂ ಹದಿನೈದನೇ ದಿನಕ್ಕೆ ದುಡ್ಡು ಹೋಯಿತು. ಮಧ್ಯದ ತೂತನ್ನು ಪಿಗ್ಮಿಯಿಂದ ಮುಚ್ಚಿದರು. ಆ ವರ್ಷ ಪಗಾರದ ಪುಸ್ತಕದಲ್ಲಿ ಅವರ ಸಹಿಯ ಜಾಗ ಹಲವು ತಿಂಗಳು ಖಾಲಿ ಇದೆ. ಭಟ್ಟರ ಸಹಿ ಎಲ್ಲ ತಿಂಗಳೂ ಇದೆ.

ಹೊಗಳಿದ್ದು ಜಾಸ್ತಿ ಆಯಿತು. ಮನೆ ವಿಷಯದಲ್ಲಿ ಅಜ್ಜನಿಗೆ ನಾನು ಪಾಸ್ ಮಾರ್ಕು ಕೊಡುವುದಿಲ್ಲ. ಬೋರಿವಲಿಯಲ್ಲಿ ಫ್ಲ್ಯಾಟುಗಳು ಎದ್ದೇಳುತ್ತಿದ್ದ ಕಾಲಕ್ಕೆ ನಮ್ಮಪ್ಪ ಬ್ಯಾಂಕ್ ಸಾಲ ಮಾಡಿ ಒಂದು ತೆಗೆದುಕೊಳ್ಳೋಣ ಅಂದರು. ಅಜ್ಜ ಒಪ್ಪಲಿಲ್ಲ. ನಾವಿದ್ದದ್ದು ಪಗಡಿ ಖೋಲಿಯಲ್ಲಿ. ಕೈಯಿಂದ ಒಂದು ದೊಡ್ಡ ಮೊತ್ತ ಕೊಟ್ಟು ಒಳಗೆ ಬಂದರೆ ಆಮೇಲೆ ಬಾಡಿಗೆ ಚಹಾದ ಖರ್ಚಿನಷ್ಟು. ಆದರೆ ಮನೆ ನಮ್ಮದಲ್ಲ. ಬಿಟ್ಟು ಹೋಗುವಾಗ ಬಂದದ್ದರಲ್ಲಿ ಮಾಲಿಕನಿಗೂ ಪಾಲು. ಈ ವ್ಯವಹಾರಕ್ಕೆ ಸರಿಯಾದ ಕಾನೂನಿನ ಮಾನ್ಯತೆ ಸಿಕ್ಕಿದ್ದೇ 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆಯಲ್ಲಿ. ಅಲ್ಲಜ್ಜ, ಅಕ್ಕಿಯವನ ಸಾಲ ಆಗುತ್ತದೆ, ಬ್ಯಾಂಕಿನ ಸಾಲ ಯಾಕೆ ಆಗುವುದಿಲ್ಲ ಅಂತ ನಾನು ವಾದಕ್ಕೆ ನಿಂತದ್ದುಂಟು. "ಅಕ್ಕಿ ಸಾಲ ಹದಿನೈದ್ ದಿನಕ್ಕೆ ಮುಗಿತ್ತ್. ಮನಿ ಸಾಲ ನಾ ಸತ್ರೂ ಮುಗಿತಿಲ್ಲೆ" ಅಂದರು. ಸಾಲ ಮುಗಿಯುವ ಹೊತ್ತಿಗೆ ಮನೆಯೂ ಉಳಿದಿರುತ್ತದೆ ಅನ್ನುವುದು ಅವರ ಲೆಕ್ಕಕ್ಕೆ ಬರಲೇ ಇಲ್ಲ. ತಿಂದು ಮುಗಿಯುವ ವಸ್ತುವನ್ನೇ ಜೀವಮಾನವಿಡೀ ಮಾರಿದವರಿಗೆ ಉಳಿಯುವ ವಸ್ತುವಿನ ಮೇಲೆ ನಂಬಿಕೆ ಕಮ್ಮಿಯೇನೋ. ನಮ್ಮಪ್ಪ ಕೊನೆಗೆ ಡೊಂಬಿವಲಿಯಲ್ಲಿ ತೆಗೆದುಕೊಂಡರು, ಜೀವನಪೂರ್ತಿ ಲೋಕಲ್ ಟ್ರೇನಿನಲ್ಲಿ ನಿಂತು ಅದರ ಬಡ್ಡಿ ಕಟ್ಟಿದರು.

1992ರಲ್ಲಿ ಶೇರು ದಲ್ಲಾಳಿ ಹರ್ಷದ್ ಮೆಹತಾನ ಹಗರಣ ಬಯಲಾಗಿ ಶೇರುಪೇಟೆ ಮಗುಚಿದಾಗ ಅಜ್ಜನ ಮುಖದಲ್ಲಿ ಒಂದು ಸಣ್ಣ ಸಂತೋಷ ಇತ್ತು. ಕಾಫಿ ಕುಡಿಯುತ್ತಾ ಎಸಿಸಿ ಸಿಮೆಂಟ್ ಕಂಪನಿಯ ಶೇರಿನ ರೇಟು ಹೇಳುತ್ತಿದ್ದ ಗಿರಾಕಿಗಳಿಗೆ ಅವರು ಬಹಳ ಕಾಲ ಸಂಯಮದಿಂದ ಸೋಂಪು ಕೊಟ್ಟಿದ್ದರು.

ಈಗ ಹೋಟೆಲು ನಡೆಸುವುದು ನನ್ನ ಚಿಕ್ಕಪ್ಪನ ಮಗ. ಗಿರಣಿಯ ಜಾಗದಲ್ಲಿ ಟವರುಗಳು, ಗಿರಾಕಿಗಳ ಕೊರಳಲ್ಲಿ ಆಫೀಸಿನ ಐಡಿ ಕಾರ್ಡು. ತೇಗದ ಪೆಟ್ಟಿಗೆ ಅಲ್ಲೇ ಇದೆ, ಮೇಲೆ ಕ್ಯೂಆರ್ ಕೋಡು ಅಂಟಿಸಿದ್ದಾನೆ. ದುಡ್ಡು ಬಂದಾಗ ಒಂದು ಡಬ್ಬ ಮಾತಾಡುತ್ತದೆ. ಹಿಂದೆ ವೇಟರ್ ಕೂಗಿ ಹೇಳುತ್ತಿದ್ದದ್ದನ್ನು ಈಗ ಅದು ಹೇಳುತ್ತದೆ, ಚಷ್ಮಾ ಗಿಷ್ಮಾ ಅನ್ನುವುದಿಲ್ಲ ಅಷ್ಟೇ. ನನಗಿರುವ ತಕರಾರು ಒಂದೇ. ಗಲ್ಲಾದ ದುಡ್ಡೂ ಕಿಸೆಯ ದುಡ್ಡೂ ಈಗ ಅದೇ ಫೋನಿನಲ್ಲಿ, ಅದೇ ಅಕೌಂಟಿನಲ್ಲಿ. ಅದರಿಂದಲೇ ಅಕ್ಕಿ, ಅದರಿಂದಲೇ ಮಗಳ ಸ್ಕೂಲ್ ಫೀಸು, ಅದರಿಂದಲೇ ರಾತ್ರಿ ಹನ್ನೊಂದಕ್ಕೆ ಆನ್‌ಲೈನಿನಲ್ಲಿ ಶೂಸು. ಬಿಲ್ಲಿನ ಶೇಕಡಾ 5 ಜಿಎಸ್‌ಟಿ ಸಹ ಅಲ್ಲೇ ಬಂದು ಕೂರುತ್ತದೆ, ಕಟ್ಟುವ ತಾರೀಕು ಬಂದಾಗ ಎದೆ ಹೊಡೆದುಕೊಳ್ಳುತ್ತದೆ. ಎರಡು ಅಕೌಂಟ್ ಮಾಡು ಮಾರಾಯ ಅಂತ ನಾನು ಹೇಳಿ ಹೇಳಿ ಸಾಕಾಗಿ, ಕೊನೆಗೆ ನಾನೇ ಬ್ಯಾಂಕಿಗೆ ಕರೆದುಕೊಂಡು ಹೋಗಿ ಮಾಡಿಸಿದೆ.

ಅಷ್ಟಕ್ಕೂ ಮುಗಿಯಲಿಲ್ಲ. ಅಜ್ಜನ ಕಾಲದಲ್ಲಿ ಟಿಪ್ಸಿಗೆ ಬೇರೆಯೇ ಒಂದು ತಗಡಿನ ಡಬ್ಬ. ಗಲ್ಲಾದ ಪಕ್ಕದಲ್ಲೇ ಇದ್ದರೂ ಅಜ್ಜ ಅದಕ್ಕೆ ಕೈ ಹಾಕಿದವರಲ್ಲ. ಈಗಿನ ಗಿರಾಕಿ 180ರ ಬಿಲ್ಲಿಗೆ 200 ಕಳಿಸಿ "ಇಪ್ಪತ್ತು ನಿನಗೆ" ಅಂತ ವೇಟರಿಗೆ ಹೇಳಿ ಹೋಗುತ್ತಾನೆ. ಆ ಇಪ್ಪತ್ತು ಹೋಗಿ ಬಿದ್ದದ್ದು ಮಾಲಿಕನ ಅಕೌಂಟಿಗೆ. ಮೊನ್ನೆ ರಾತ್ರಿ ಹೋಟೆಲು ಮುಚ್ಚುವ ಹೊತ್ತಿಗೆ ನಾನು ಅಲ್ಲಿದ್ದೆ. ಬೈಂದೂರು ಕಡೆಯ ಒಬ್ಬ ಹುಡುಗ ಕಿಸೆಯಿಂದ ಸಣ್ಣ ನೋಟ್‌ಬುಕ್ ತೆಗೆದು, ಯಾವ ಟೇಬಲಿನವರು ಎಷ್ಟು ಜಾಸ್ತಿ ಕಳಿಸಿದರು ಅಂತ ಒಂದೊಂದೇ ಓದುತ್ತಿದ್ದ. ಚಿಕ್ಕಪ್ಪನ ಮಗ ಫೋನಿನಲ್ಲಿ ತಾಳೆ ನೋಡುತ್ತಿದ್ದ. "ಆರನೇ ಟೇಬಲ್, ಇಪ್ಪತ್ತು." "ಬಂದಿದೆ." "ಎರಡನೇ ಟೇಬಲ್, ಗಡ್ಡದವರು, ಐವತ್ತು." "ಐವತ್ತಾ? ಇಲ್ಲಿ ಮೂವತ್ತೇ ತೋರಿಸ್ತಾ ಇದೆಯಲ್ಲ." "ಮೂವತ್ತು ಹೆಂಗಸರು ಕಳಿಸಿದ್ದು ಅಣ್ಣಾ. ಗಡ್ಡದವರದು ಬೇರೆ. ಸರಿ ನೋಡಿ, ಕೆಳಗೆ ಇರ್ತದೆ."