ಒಟ್ಟಾವಾದ ಐದೂವರೆ, ದಿಲ್ಲಿಯ ಶುಕ್ರವಾರ

2023ರ ಮೇ ತಿಂಗಳಲ್ಲಿ ಮಾವ ಬಂದಿದ್ರು ಊರಿಂದ. ಶಿರಾ ಕಡೆಯವ್ರು, ತಾಲ್ಲೂಕು ಆಫೀಸಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರ್ ಆಗಿ ರಿಟೈರ್ ಆದೋರು. ಕೆನಡಾದ ರಾಜಧಾನಿ ಒಟ್ಟಾವಾಗೆ ಬಂದೋರನ್ನೆಲ್ಲ ನಾವು ಕಾಲುವೆ, ಮ್ಯೂಸಿಯಂ ಅಂತ ಸುತ್ತಿಸ್ತೀವಿ, ಇವರಿಗೆ ಅದ್ಯಾವ್ದೂ ಬೇಡ, "ಪಾರ್ಲಿಮೆಂಟ್ ಒಳಗೆ ಯಾರನ್ನ ಬೇಕಾದ್ರೂ ಬಿಡ್ತಾರಂತಲ್ಲ, ಅಲ್ಲಿ ಕೂತ್ಕಂಡು ನೋಡ್ಬೇಕು" ಅಂತ ಒಂದೇ ಹಠ. ಇದಕ್ಕೆ ಕಾರಣ ಗೊತ್ತಲ್ಲ, 2022ರ ಮೇನಲ್ಲಿ, ಆಗ ಇಲ್ಲಿ ಎಂಪಿ ಆಗಿದ್ದ ಚಂದ್ರ ಆರ್ಯ ಇಲ್ಲಿನ ಸದನದಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿದ ವಿಡಿಯೋ. ಅವರೂ ಶಿರಾ ತಾಲ್ಲೂಕಿನವ್ರೇ. ಆ ಕ್ಲಿಪ್ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಕಮ್ಮಿ ಅಂದ್ರೂ ಹತ್ತು ಸಲ ಬಂದಿದೆ.

ನಾನು ಆಫೀಸ್ ಮುಗ್ಸಿ ಕರ್ಕೊಂಡು ಹೋಗೋ ಹೊತ್ತಿಗೆ ಐದೂವರೆ. ಹಳೇ ದೊಡ್ಡ ಕಟ್ಟಡ ರಿಪೇರಿ ಅಂತ ಮುಚ್ಚಿದ್ದಾರೆ, 2019ರಿಂದ ಸದನ ನಡೆಯೋದು ಪಕ್ಕದ ವೆಸ್ಟ್ ಬ್ಲಾಕಲ್ಲಿ, ಅಂಗಳದ ಮೇಲೆ ಗಾಜಿನ ಸೂರು ಹಾಕಿ ಮಾಡಿರೋ ಹಾಲು. ಕೆಳಗೆ ಫೋನ್ ಇಸ್ಕೊಂಡು ಮೇಲೆ ಗ್ಯಾಲರಿಗೆ ಕಳ್ಸಿದ್ರು. ಮಧ್ಯಾಹ್ನ ಪ್ರಶ್ನೋತ್ತರದ ಹೊತ್ತಲ್ಲಿ ಆಗೋ ಕೂಗಾಟ ಎಲ್ಲ ಮುಗಿದು ಸದನ ಬಿಕೋ ಅಂತಿತ್ತು. ಆಗ 338 ಜನ ಎಂಪಿಗಳಿದ್ದ ಕಡೆ ಹೆಚ್ಚಂದ್ರೆ ಇಪ್ಪತ್ತು ಜನ. ಬಿಲ್ ತಂದಿದ್ದ ಮೆಂಬರ್ ಎದ್ದು ಹದಿನೈದು ನಿಮಿಷ ಮಾತಾಡಿದ್ರು, ಅವರ ಪಾರ್ಟಿಯೋರು ನಾಲ್ಕು ಜನ ತಮ್ಮ ಸೀಟ್ ಬಿಟ್ಟು ಬಂದು ಅವರ ಹಿಂದೆ ಕೂತ್ರು, ಟೀವೀಲಿ ತುಂಬಿದಂಗೆ ಕಾಣ್ಲಿ ಅಂತ. ಮಾವ ಅದನ್ನ ಥಟ್ಟಂತ ಹಿಡಿದ್ರು, "ಫೋಟೋಗೆ ಒತ್ತರಿಸ್ಕಂಡು ಕೂರೋದು ಇಲ್ಲೂ ಐತೆ" ಅಂತ.

ಸರಿಯಾಗಿ ಆರೂವರೆಗೆ ಪೀಠದಲ್ಲಿದ್ದೋರು ಯಾವ್ದೋ ಮಂತ್ರ ಹೇಳ್ದಂಗೆ ಎರಡು ಸಾಲು ಓದಿದ್ರು, ಸಮಯ ಮುಗೀತು, ಈ ವಿಷಯ ಪಟ್ಟಿಯ ಕೊನೆಗೆ ಹೋಗುತ್ತೆ ಅಂತ. ನಾನು ಕನ್ನಡದಲ್ಲಿ ಹೇಳಿದ್ದಕ್ಕೆ ಮಾವ ನಕ್ಕರು. "ಕೊನೆಗೆ ಅಂದ್ರೆ ಮೂಲೆಗೆ ತಾನೆ? ನಂಗೊತ್ತಿಲ್ವಾ."

ಅಲ್ಲ ಮಾವ, ಇಲ್ಲೇ ಇರೋದು ಮಜಾ ಅಂತ ಬಸ್ಸಲ್ಲಿ ಪೂರ್ತಿ ವಿವರಿಸ್ಕೊಂಡು ಬಂದೆ, ಇಲ್ಲೂ ಅದನ್ನೇ ಹೇಳ್ಬೇಕು. ಮಂತ್ರಿಗಿರಿ ಇಲ್ದೇ ಇರೋ ಮೆಂಬರ್‌ಗಳ ಬಿಲ್ಲಿಗೆ ಕೆನಡಾದಲ್ಲಿ ಸದನ ಸೇರಿದ ಪ್ರತಿ ದಿನಾನೂ ಒಂದು ಗಂಟೆ ಇರುತ್ತೆ, ಸೋಮವಾರ ಬೆಳಗ್ಗೆ 11ಕ್ಕೆ, ಶುಕ್ರವಾರ ಮಧ್ಯಾಹ್ನ 1.30ಕ್ಕೆ, ಮಿಕ್ಕ ದಿನ ಸಂಜೆ 5.30ಕ್ಕೆ. ಎಲೆಕ್ಷನ್ ಆಗಿ ಹೊಸ ಸದನ ಬಂದ ಮೇಲೆ ಎಲ್ಲರ ಹೆಸರು ಹಾಕಿ ಚೀಟಿ ಎತ್ತುತಾರೆ. ಮೊದಲ 30 ಜನರ ಪಟ್ಟಿ ಆಗುತ್ತೆ, ಒಬ್ಬೊಬ್ಬರ ವಿಷಯಕ್ಕೆ ಮೊದಲ ಓಟಿಗೆ ಮುಂಚೆ ಎರಡು ಗಂಟೆ. ಮೊದಲ ಗಂಟೆ ಆದ್ಮೇಲೆ ಅದು ಪಟ್ಟಿಯ ಬುಡಕ್ಕೆ ಹೋಗಿ, ಮುಂದಿರೋದೆಲ್ಲ ಒಂದೊಂದಾಗಿ ಆಗ್ತಾ ಆಗ್ತಾ ತಾನಾಗೇ ಮೇಲಕ್ಕೆ ಬಂದು ಎರಡನೇ ಗಂಟೆ ಪಡ್ಕೊಳುತ್ತೆ, ಆಮೇಲೆ ಓಟು. ಹೆಸರು ಹಿಡಿದು ಎಣಿಸೋ ಓಟಾದ್ರೆ ಮುಂದಿನ ಬುಧವಾರ. ಸಮಿತಿಗೆ ಹೋಯ್ತು ಅನ್ನಿ, ಅಲ್ಲೂ ಸದನ ಸೇರೋ 60 ದಿನದೊಳಗೆ ವಾಪಸ್ ಕಳಿಸ್ಬೇಕು, ಕೇಳ್ಕೊಂಡ್ರೆ ಇನ್ನೊಂದು 30 ದಿನ, ಅಷ್ಟೇ. ಕಳಿಸ್ಲಿಲ್ವಾ, ಯಾವ ತಿದ್ದುಪಡಿನೂ ಇಲ್ದೆ ವಾಪಸ್ ಬಂತು ಅಂತಾನೇ ಲೆಕ್ಕ. 2003ಕ್ಕಿಂತ ಮುಂಚೆ ಇಲ್ಲೂ ಹಿಂಗಿರ್ಲಿಲ್ಲ, ಕೆಲವೇ ಕೆಲವು ವಿಷಯ ಆರಿಸಿ ಓಟಿಗೆ ಹಾಕ್ತಿದ್ರು, ಮಿಕ್ಕವು ಮಾತಾಡಿ ಎದ್ದೋಗೋದಕ್ಕೆ.

"ಟೋಕನ್ ಕೊಟ್ಟು ಕೂರ್ಸಿದಂಗೆ" ಅಂದ್ರು ಮಾವ. ಹೂಂ, ಟೋಕನ್ನೇ.

ಈಗ ದಿಲ್ಲಿ ನೋಡಿ. ಅಲ್ಲೂ ಚೀಟಿ ಎತ್ತೋ ಬ್ಯಾಲಟ್ ಇದೆ, ಮಂತ್ರಿಗಳಲ್ಲದೋರು ತರೋ ಇಂಥ ಬಿಲ್ಲಿಗೆ, ಅಂದ್ರೆ ಖಾಸಗಿ ಸದಸ್ಯರ ಮಸೂದೆಗೆ ಅಂತ ಪ್ರತ್ಯೇಕ ಸಮಿತಿನೇ ಇದೆ, ಶುಕ್ರವಾರ ಕೊನೆಯ ಎರಡೂವರೆ ಗಂಟೆ ಅವರಿಗೇ ಮೀಸಲು, ಒಂದು ವಾರ ಬಿಲ್ಲು ಒಂದು ವಾರ ನಿರ್ಣಯ. ಕೇಳೋಕೆ ಚೆನ್ನಾಗಿದೆ. ಆದ್ರೆ ಶುಕ್ರವಾರ ಮಧ್ಯಾಹ್ನ ಮೂರೂವರೆ ಅಂದ್ರೆ ಕ್ಷೇತ್ರಕ್ಕೆ ಹೊರಟೋರ ಮನಸ್ಸು ಆಗ್ಲೇ ಏರ್‌ಪೋರ್ಟಲ್ಲಿರುತ್ತೆ, ಬೆಳಗ್ಗೆ ಗಲಾಟೆ ಆಗಿ ದಿನದ ಮಟ್ಟಿಗೆ ಸದನ ಮುಂದೂಡಿದ್ರೆ ಆ ವಾರದ್ದು ಹೋಯ್ತು. ಒಂದು ಬಿಲ್ಲಿನ ಚರ್ಚೆ ಎಷ್ಟು ಶುಕ್ರವಾರ ಬೇಕಾದ್ರೂ ಎಳೀಬಹುದು, ಕೊನೆಗೆ ಮಂತ್ರಿಗಳು ಎದ್ದು ಸರ್ಕಾರ ಪರಿಶೀಲಿಸುತ್ತೆ, ದಯವಿಟ್ಟು ವಾಪಸ್ ತಗೊಳ್ಳಿ ಅಂತಾರೆ, ತಂದೋರು ವಾಪಸ್ ತಗೋತಾರೆ. ಸ್ವಾತಂತ್ರ್ಯ ಬಂದಾಗಿಂದ ಹೀಗೆ ಬಂದು ಕಾನೂನಾಗಿರೋದು 14, ಕೊನೇದು 1970ರಲ್ಲಿ. 2015ರಲ್ಲಿ ತಿರುಚಿ ಶಿವಾ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ ಬಿಲ್ ರಾಜ್ಯಸಭೇಲಿ ಪಾಸಾದಾಗ 45 ವರ್ಷಕ್ಕೆ ಒಂದು ಸದನವಾದ್ರೂ ದಾಟಿತಲ್ಲ ಅಂತ ಎಲ್ಲರೂ ಬರೆದ್ರು. ಆಚೆ ಸದನದಲ್ಲಿ ಅದು ಪಾಸಾಗ್ಲಿಲ್ಲ.

ಇಲ್ಲಿನೋರು ಬುದ್ಧಿವಂತರು ನಮ್ಮೋರು ದಡ್ಡರು ಅಂತ ಹೇಳ್ತಿಲ್ಲ, ಹಂಗೆ ಬರೆಯೋ ಎನ್ನಾರೈಗಳನ್ನ ಕಂಡ್ರೆ ನಂಗೂ ಆಗಲ್ಲ. ವ್ಯತ್ಯಾಸ ಮಾಡಿರೋದು ಇಷ್ಟರೊಳಗೆ ಮುಗೀಬೇಕು ಅನ್ನೋ ತಾರೀಖು ಅಂತ ನನ್ನ ಅನಿಸಿಕೆ, ಅದಕ್ಕೆ ಪುರಾವೆ ಇಲ್ಲೇ ಒಟ್ಟಾವಾದಲ್ಲೇ ಇದೆ. ಮೊರಿಲ್ ಬೆಲಾಂಜೆ ಅಂತ ಇಲ್ಲಿನ ಎಂಪಿ, ರಾಷ್ಟ್ರಗೀತೇಲಿ 'ನಿನ್ನ ಗಂಡುಮಕ್ಕಳು' ಅನ್ನೋ ಅರ್ಥ ಇದ್ದ ಕಡೆ 'ನಾವೆಲ್ಲರೂ' ಅಂತ ಬರೋ ಹಾಗೆ ಎರಡು ಪದ ಬದಲಿಸ್ಬೇಕು ಅಂತ ಬಿಲ್ ತಂದ್ರು. ಅಷ್ಟೊತ್ತಿಗೆ ಅವರಿಗೆ ಎಎಲ್‌ಎಸ್ ಕಾಯಿಲೆ ಬಂದು ಮಾತೇ ಹೋಗಿತ್ತು, ಸದನದಲ್ಲಿ ಟ್ಯಾಬ್ಲೆಟ್ ಅವರ ಪರವಾಗಿ ಮಾತಾಡ್ತಿತ್ತು. 2016ರ ಜೂನಲ್ಲಿ ಕೆಳಮನೆ 225-74ರಲ್ಲಿ ಪಾಸ್ ಮಾಡ್ತು, ಆಗಸ್ಟಲ್ಲಿ ಅವರು ತೀರ್ಕೊಂಡ್ರು. ಆಮೇಲೆ ಅದು ಮೇಲ್ಮನೆ ಸೆನೆಟ್‌ಗೆ ಹೋಯ್ತು. ಸೆನೆಟಲ್ಲಿ ಈ ಟೋಕನ್ನೂ ಇಲ್ಲ ಎರಡು ಗಂಟೆ ಮಿತೀನೂ ಇಲ್ಲ, ಯಾರೋ ಒಬ್ಬರು ಎದ್ದು ಚರ್ಚೆ ಮುಂದೂಡೋಣ ಅಂದ್ರೆ ಮುಂದಕ್ಕೆ ಹೋಗ್ತಾನೇ ಇರುತ್ತೆ, ಎರಡು ಪದಕ್ಕೆ 2018ರ ಜನವರಿ ತನಕ ಎಳೆದ್ರು. ಅದೇ ದೇಶ, ಅದೇ ಬಿಲ್ಲು.

ತಾರೀಖಿದ್ರೂ ಕೈ ಕೊಡೋದುಂಟು. 2025ರ ಜನವರೀಲಿ ಆಗಿನ ಪ್ರಧಾನಿ ಟ್ರೂಡೊ ಅಧಿವೇಶನ ಮುಗಿಸಿಬಿಟ್ಟಾಗ ಸರ್ಕಾರದ ಬಿಲ್ಲುಗಳೆಲ್ಲ ಸತ್ವು, ಮೆಂಬರ್‌ಗಳ ಬಿಲ್ಲು ಮಾತ್ರ ನಿಯಮದ ಪ್ರಕಾರ ಬದುಕಿದ್ವು. ಮಾರ್ಚಲ್ಲಿ ಸದನ ಸೇರೋಕೆ ಒಂದು ದಿನ ಮುಂಚೆ, ಅವರ ಜಾಗಕ್ಕೆ ಬಂದಿದ್ದ ಕಾರ್ನಿ ಎಲೆಕ್ಷನ್ ಘೋಷಣೆ ಮಾಡಿ ಅವನ್ನೂ ಮಣ್ಣು ಮಾಡಿದ್ರು.

ಇನ್ನು ಸಮಿತಿ ವರದಿ ವಿಷಯಕ್ಕೆ ಬಂದ್ರೆ ನಾನು ದಿಲ್ಲಿ ಪರ. ಇಲ್ಲಿ ಸಮಿತಿ ಕೇಳಿದ್ರೆ ಸರ್ಕಾರ 120 ದಿನದೊಳಗೆ ಉತ್ತರ ಕೊಡ್ಬೇಕು, ಕೊಡುತ್ತೆ, ಓದಿ ನೋಡಿದ್ರೆ ಸಮಿತಿಯ ಶ್ರಮಕ್ಕೆ ಧನ್ಯವಾದ, ಸರ್ಕಾರ ಈ ದಿಕ್ಕಿನಲ್ಲಿ ಆಗಲೇ ಕೆಲಸ ಮಾಡ್ತಿದೆ ಅಂತ ನಾಲ್ಕು ಪುಟ. ವರದಿಯನ್ನ ಸದನ ಒಪ್ಪಬೇಕು ಅಂತ ಸೂಚನೆ ತಂದ್ರೆ ಮೂರು ಗಂಟೆ ಚರ್ಚೆ, ವಿರೋಧ ಪಕ್ಷದೋರು ಅದನ್ನ ಯಾವಾಗ ತರ್ತಾರೆ ಅಂದ್ರೆ ಅವತ್ತು ಸರ್ಕಾರದ ಮುಖ್ಯ ಬಿಲ್ ಇದ್ದಾಗ. ಆ ವರದಿ ಮೇಲೆ ಯಾರಿಗೂ ಪ್ರೀತಿ ಇರಲ್ಲ, ಸರ್ಕಾರದ ಟೈಮ್ ತಿನ್ನಬೇಕು ಅಷ್ಟೇ. ದಿಲ್ಲೀಲಿ ಹಂಗಲ್ಲ. 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಶುರುವಾದ್ವು, ಈಗ 24 ಇವೆ. ಒಂದೊಂದು ಶಿಫಾರಸಿಗೂ ಸಚಿವಾಲಯ ಮೂರು ತಿಂಗಳಲ್ಲಿ ಏನು ಕ್ರಮ ತಗೊಂಡ್ವಿ ಅಂತ ಹೇಳ್ಬೇಕು, ಸಮಿತಿ ಅದನ್ನ ಇಟ್ಕೊಂಡು ಇನ್ನೊಂದು ವರದಿ ಮಾಡುತ್ತೆ, ಸರ್ಕಾರ ಒಪ್ಪಿದ್ದು ಯಾವ್ದು, ನಾವೇ ಕೈಬಿಟ್ಟಿದ್ದು ಯಾವ್ದು, ಉತ್ತರ ಸಮಾಧಾನ ತರದೇ ಇದ್ದದ್ದು ಯಾವ್ದು, ಇನ್ನೂ ಬಾಕಿ ಇರೋದು ಯಾವ್ದು ಅಂತ ಅಧ್ಯಾಯ ಅಧ್ಯಾಯವಾಗಿ ವಿಂಗಡಿಸಿ. ಶುದ್ಧ ತಾಲ್ಲೂಕು ಆಫೀಸ್ ಶಿಸ್ತು, ಮಾವನಿಗೆ ಕಣ್ಣು ಅರಳ್ತು. 2004ರಿಂದ ಆರು ತಿಂಗಳಿಗೊಮ್ಮೆ ಮಂತ್ರಿ ಸದನದಲ್ಲಿ ಹೇಳಿಕೆ ಕೊಡ್ಬೇಕು ಅಂತಾನೂ ಇದೆ. ಒಂದೇ ಕೊರತೆ, ಇಷ್ಟೆಲ್ಲ ಮಾಡಿದ ವರದಿ ಬಗ್ಗೆ ಸದನದಲ್ಲಿ ಕೂತು ಮಾತಾಡೋಕೆ ಒಂದು ದಿನ ಅಂತ ಇಟ್ಟಿಲ್ಲ.

ಬೆಂಗಳೂರು ವಿಷಯ ಎತ್ತಿದ್ದು ಮಾವನೇ. ವಿಧಾನಮಂಡಲದ ಎ.ಟಿ. ರಾಮಸ್ವಾಮಿ ಸಮಿತಿ ಸರ್ಕಾರಿ ಜಮೀನು ಒತ್ತುವರಿ ಬಗ್ಗೆ ವರದಿ ಕೊಟ್ಟಿದ್ದು 2007ರಲ್ಲಿ, ಕೋಳಿವಾಡ ಸಮಿತಿ ಕೆರೆ ಒತ್ತುವರಿ ಬಗ್ಗೆ 2017ರಲ್ಲಿ. ಸರ್ವೆ ನಂಬರ್ ಹಿಡಿದು ಕೆಲಸ ಮಾಡಿರೋ ಸಮಿತಿಗಳು. ಪ್ರತಿ ಮಳೆಗಾಲ ಔಟರ್ ರಿಂಗ್ ರೋಡಲ್ಲಿ ನೀರು ನಿಂತಾಗ ನ್ಯೂಸಲ್ಲಿ ಅವುಗಳ ಹೆಸರು ತೇಲಿ ಬರುತ್ತೆ, ನೀರು ಇಳಿದ ಮೇಲೆ ಹೆಸರೂ ಇಳಿಯುತ್ತೆ. ಮಾವ ಹಲ್ಲು ಕಚ್ಚಿ ಹೇಳಿದ್ದು ಒಂದೇ, "ಮಡಂಗೋ ಫೈಲಿಗೆ ತಾರೀಖು ಬರೆಯಲ್ಲ ಕಣ್ರೀ, ನಾನೇ ಎಷ್ಟು ಮಡಗಿದೀನಿ."

ಅವತ್ತು ನೋಡಿದ ಬಿಲ್ಲಿನ ಎರಡನೇ ಗಂಟೆ ಬಂದಿದ್ದು ಬೇಸಿಗೆ ರಜೆ ಕಳೆದ ಮೇಲೆ, ಮುಂದಿನ ಬುಧವಾರ ಓಟು, ಬಿಲ್ ಬಿತ್ತು. ಭಾನುವಾರ ಫೋನಲ್ಲಿ ಹೇಳಿದೆ. "ಬೀಳ್ಲಿ ಬಿಡ್ರೀ, ಹಿಂಬರಹ ಆದ್ರೂ ಕೊಟ್ರಲ್ಲ" ಅಂತಂದು ಫೋನ್ ಅತ್ತೆ ಕೈಗೆ ಕೊಟ್ರು.