ಧಾರಾವಾಹಿಗೆ ಇಷ್ಟೇ ಸಂಚಿಕೆ ಅಂತ ಮಿತಿ ಬೇಕಾ?

ಪರ: ಬೇಕು, ಕೊನೆ ಗೊತ್ತಿಲ್ಲದೆ ಕತೆ ಶುರು ಮಾಡಬಾರದು

ಧಾರಾವಾಹಿ ಅಂದ್ರೆ ನನಗೆ ಪ್ರೀತಿ, ಅದಕ್ಕೇ ಇಷ್ಟು ಸಿಟ್ಟು. ಗದಗಿನ ನಮ್ಮ ಮನೆಯಲ್ಲಿ ಸಂಜೆ ಅತ್ತೆ ಪಡಸಾಲೆಯಲ್ಲಿ ಕೂತು ನೋಡುತ್ತಾರೆ, ನಾನು ರೊಟ್ಟಿ ಬಡಿಯುತ್ತಾ ನೋಡುತ್ತೇನೆ. ಒಂದು ಧಾರಾವಾಹಿಯನ್ನು ಮೊದಲ ದಿನದಿಂದ ಬಿಡದೆ ನೋಡಿದೆವು. ಹಳ್ಳಿ ಹುಡುಗಿ, ಓದಿ ಕೆಲಸ ಹಿಡಿಯಬೇಕು ಅನ್ನೋ ಹಟ. ಶುರುವಿನಲ್ಲಿ ಎಷ್ಟು ಚೆನ್ನಾಗಿತ್ತು ಅಂದ್ರೆ, ಓಣಿಯಲ್ಲಿ ನಳದ ನೀರು ಹಿಡಿಯುವಾಗಲೂ ಹೆಣ್ಣುಮಕ್ಕಳ ಬಾಯಲ್ಲಿ ಅದೇ ಮಾತು.

ಆಮೇಲೆ? ಹುಡುಗಿಗೆ ಮದುವೆ ಮಾಡಿದರು. ನಾದಿನಿ ಹಾಲಿಗೆ ಏನೋ ಬೆರೆಸಿದಳು, ಗಂಡನಿಗೆ ನೆನಪು ಹೋಯಿತು, ಸತ್ತಿದ್ದ ಮಾವ ಎದ್ದು ಬಂದ, ಅದೂ ಸಾಲದೆ ಅದೇ ಮುಖದ ಇನ್ನೊಬ್ಬಳು ಬಂದಳು. ಆ ಓದು ಏನಾಯ್ತು ಅಂತ ಧಾರಾವಾಹಿಯಲ್ಲಿ ಯಾರಿಗೂ ನೆನಪೇ ಇಲ್ಲ. ನಮಗಿದೆ.

ಬರೆಯುವವರಿಗೆ ಬುದ್ಧಿ ಇಲ್ಲ ಅಂತ ನಾನು ಹೇಳಲ್ಲ. ಕತೆ ಎಲ್ಲಿ ಮುಗಿಯಬೇಕು ಅನ್ನೋದು ಅವರ ಕೈಯಲ್ಲಿಲ್ಲ. ಗುರುವಾರ ಬಂತು ಅಂದ್ರೆ ಟಿವಿ ನೋಡುಗರ ಲೆಕ್ಕ ಹಾಕೋ ಬಾರ್ಕ್ ಸಂಸ್ಥೆಯ ಟಿಆರ್‌ಪಿ, ಅಂದ್ರೆ ಯಾವುದನ್ನು ಎಷ್ಟು ಜನ ನೋಡಿದರು ಅನ್ನೋ ಅಂಕಿ ಬರುತ್ತೆ. ಇಡೀ ದೇಶದಲ್ಲಿ ಅದನ್ನು ಅಳೆಯೋ ಮೀಟರ್ ಇಟ್ಟಿರೋದು 50 ಸಾವಿರ ಚಿಲ್ಲರೆ ಮನೆಗಳಲ್ಲಿ, ಅದರಲ್ಲಿ ಕನ್ನಡದ ಪಾಲು ಎಷ್ಟಿರಬಹುದು ಯೋಚಿಸಿ. ಅಂಕಿ ಇಳಿದರೆ ಕತೆಗೆ ಹೊಸ ತಿರುವು, ಏರಿದರೆ ಅದೇ ತಿರುವನ್ನು ಎಳೆಯೋದು. ಗೆದ್ದರೂ ಕತೆಗೆ ಕೇಡು, ಸೋತರೂ ಕೇಡು.

ನಟನೆ ಕೆಡೋದೂ ಇಲ್ಲಿಂದಲೇ. ತನ್ನ ಪಾತ್ರ ಮುಂದಿನ ತಿಂಗಳು ಒಳ್ಳೆಯದಾ ಕೆಟ್ಟದ್ದಾ ಅಂತ ಗೊತ್ತಿಲ್ಲದ ನಟಿ ಏನನ್ನು ಮನಸ್ಸಲ್ಲಿಟ್ಟುಕೊಂಡು ನಟಿಸಬೇಕು? ಎಷ್ಟೋ ಸಲ ಮಾತು ಕೈಗೆ ಸಿಗೋದೇ ಅವತ್ತು ಬೆಳಿಗ್ಗೆ. ಕ್ಯಾಮೆರಾ ಹಿಂದೆ ಒಬ್ಬರು ಓದಿ ಹೇಳುತ್ತಾರೆ, ಇವರು ಕೇಳಿಸಿಕೊಂಡು ಒಪ್ಪಿಸುತ್ತಾರೆ. ಎದುರಿಗಿರೋ ಮನುಷ್ಯನ ಕಡೆ ಗಮನ ಎಲ್ಲಿಂದ ಬರಬೇಕು? ಆ ಕೊರತೆ ಮುಚ್ಚೋಕೆ ಒಂದು ಕಪಾಳಮೋಕ್ಷಕ್ಕೆ ಮನೆಮಂದಿಯ ಮುಖವನ್ನೆಲ್ಲ ಮೂರು ಮೂರು ಸಲ ತೋರಿಸುತ್ತಾರೆ, ಮೇಲೆ ಢಣ್ ಅಂತ ಸಂಗೀತ. ವರ್ಷಗಟ್ಟಲೆ ಇದನ್ನೇ ಮಾಡಿ ಸಾಕಾಗಿ ನಾಯಕಿ ಬಿಟ್ಟು ಹೋದರೆ, ಮರುದಿನ ಅದೇ ಹೆಸರಿಗೆ ಬೇರೆ ಮುಖ. ನಾವು ಒಪ್ಪಿಕೊಳ್ಳಬೇಕು.

ದೂರದರ್ಶನದ ಕಾಲದಲ್ಲಿ ಬಹಳಷ್ಟು ಧಾರಾವಾಹಿಗೆ 13 ಕಂತು ಸಿಗುತ್ತಿತ್ತು, ವಾರಕ್ಕೊಂದು. ಅಷ್ಟರಲ್ಲೇ ಹೇಳಬೇಕು ಅಂತ ಗೊತ್ತಿದ್ದರಿಂದ ಪ್ರತಿ ಕಂತಿನಲ್ಲೂ ಏನಾದರೂ ನಡೆಯುತ್ತಿತ್ತು. ಈಗಿನ ಹುಡುಗಿಯರು ಮೊಬೈಲ್‌ನಲ್ಲಿ ನೋಡೋ ಕೊರಿಯಾದ ಧಾರಾವಾಹಿಗಳೂ ಹೆಚ್ಚಿನವು 16 ಕಂತಿಗೆ ಮುಗಿಯುತ್ತವೆ. ನಾವು ಅಷ್ಟು ಬಿಗಿ ಮಾಡೋದು ಬೇಡ. 150 ಸಂಚಿಕೆ ಅಂತ ಮಿತಿ ಇಡಲಿ. ಸೋಮವಾರದಿಂದ ಶನಿವಾರದವರೆಗೆ ಬಂದರೆ ಅಷ್ಟಕ್ಕೆ ಹೆಚ್ಚುಕಡಿಮೆ ಆರು ತಿಂಗಳು. ಸಾಕಲ್ವಾ? ಜನ ಮೆಚ್ಚಿದರೆ ಎರಡನೇ ಭಾಗ ಮಾಡಲಿ, ಆದರೆ ಮೊದಲನೆಯದನ್ನು ಮುಗಿಸಿಯೇ ಮಾಡಲಿ. ಆ ಹುಡುಗಿ ಪಾಸಾದಳೋ ಇಲ್ಲವೋ ಅಂತ ನಮಗೆ ಹೇಳಲಿ.

ವಿರೋಧ: ಬೇಡ, ಮೊದಲು ತಾಲೀಮು ಮಾಡಿಸಿ

ಗದಗಿನ ಅಕ್ಕಾರು ಹೇಳಿದ ಬೇಜಾರು ನನಗೂ ಇದೆ. ಧಾರವಾಡದ ನಮ್ಮ ಮನೆಯಲ್ಲಿ ಅವ್ವನ ಜೊತೆ ಕೂತು ನಾನೂ ಆ ನೆನಪು ಹೋಗೋ ಗಂಡಂದಿರನ್ನು ಜಾಸ್ತಿಯೇ ನೋಡಿದ್ದೇನೆ. ಆದರೆ ಉದ್ದವನ್ನು ಕತ್ತರಿಸಿದರೆ ಸರಿಹೋಗುತ್ತೆ ಅನ್ನೋದನ್ನು ಒಪ್ಪಲ್ಲ.

ಉದ್ದ ನಮಗೆ ಹೊಸದಲ್ಲ. ನಮ್ಮ ಕಡೆ ಸಣ್ಣಾಟ, ದೊಡ್ಡಾಟದಂಥ ಬಯಲಾಟಗಳು ಬೆಳತನಕ ನಡೆಯುತ್ತವೆ, ಜನ ಕೌದಿ ಹೊದ್ದು ಕೂತು ನೋಡುತ್ತಾರೆ. ಜಾತ್ರೆಗೆ ಬಂದು ಕ್ಯಾಂಪ್ ಹಾಕೋ ನಾಟಕ ಕಂಪನಿಗಳು ಒಂದೇ ನಾಟಕವನ್ನು ದಿನಾ ಆಡುತ್ತವೆ, ಆಡಿದಷ್ಟೂ ನಟರು ಪಳಗುತ್ತಾರೆ. ಚಪ್ಪಾಳೆ ಎಲ್ಲಿ ಬಿತ್ತು ನೋಡಿ ಅಲ್ಲಿ ಮಾತು ಬೆಳೆಸೋದು ಕಂಪನಿಯವರಿಗೂ ಗೊತ್ತಿತ್ತು, ಆದರೆ ಕತೆಯ ದಾರಿ ಬಿಡುತ್ತಿರಲಿಲ್ಲ. ಟಿವಿಯಲ್ಲೂ ಹಾಗೇ. 1998ರಲ್ಲಿ ದೂರದರ್ಶನದಲ್ಲಿ ಬಂದ ಮಾಯಾಮೃಗ ದಿನಾ ಬರುತ್ತಿದ್ದ ಧಾರಾವಾಹಿ, ನೂರಾರು ಸಂಚಿಕೆ ಓಡಿತು. ನಮ್ಮ ಮನೆಯಲ್ಲಿ ಈಗಲೂ ಅದರ ಮಾತು ಬರುತ್ತೆ.

150ರ ಮಿತಿ ಹಾಕಿದಿರಿ ಅಂತಲೇ ಇಟ್ಟುಕೊಳ್ಳಿ. ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದು ಅಂತ ನಿಯಮ ಇದೆ. ಅಂದ್ರೆ ಅರ್ಧ ಗಂಟೆಯ ಸಂಚಿಕೆಗೆ ದಿನಾ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಚಿತ್ರೀಕರಣ ಆಗಲೇಬೇಕು. ಆ ಓಟ ಹಾಗೇ ಉಳಿಯುತ್ತೆ. ವಿಷ ಬೆರೆಸೋ ನಾದಿನಿ, ಅವಳಿ ಅಕ್ಕತಂಗಿ ಎಲ್ಲರೂ 150 ಸಂಚಿಕೆ ಒಳಗೇ ತುರುಕಿಕೊಂಡು ಬರುತ್ತಾರೆ, ಇನ್ನೂ ಬೇಗ ಬರುತ್ತಾರೆ ಅಷ್ಟೇ.

ಕೊರತೆ ಇರೋದು ತಯಾರಿಯಲ್ಲಿ. ಹಾನಗಲ್ ತಾಲ್ಲೂಕಿನ ಶೇಷಗಿರಿ ಸಣ್ಣ ಊರು. ಅಲ್ಲಿಯ ಜನ ಹೊಲಮನೆ ಕೆಲಸದ ನಡುವೆಯೇ ತಾಲೀಮು ಮಾಡಿ ಬೇರೆ ಬೇರೆ ಊರಿಗೆ ಹೋಗಿ ನಾಟಕ ಆಡುತ್ತಾರೆ. ದಿನವಿಡೀ ನಟನೆಯನ್ನೇ ಕಸುಬು ಮಾಡಿಕೊಂಡವರಿಗೆ ತಾಲೀಮಿಗೆ ಅರ್ಧ ದಿನ ಕೊಡೋಕೆ ಆಗಲ್ವಾ?

ಇನ್ನೊಂದು ವಿಷಯ ನನಗೆ ಬಹಳ ನೋವು ಕೊಡುತ್ತೆ. ನಮ್ಮ ಕಡೆಯ ಕನ್ನಡ ಮಾತಾಡೋ ಪಾತ್ರ ಬಂತು ಅಂದ್ರೆ ಅದು ಅಡುಗೆಯವರೋ, ನಗಿಸೋಕೆ ಇಟ್ಟವರೋ. ಆ ಪಾತ್ರಕ್ಕೂ ಈ ಮಾತು ಬಾರದವರನ್ನೇ ಹಾಕುತ್ತಾರೆ. ನಮ್ಮ ರಂಗಭೂಮಿಯಿಂದ ಬೆಂಗಳೂರಿಗೆ ಹೋದ ಎಷ್ಟೋ ಕಲಾವಿದರಿಗೆ ಒಂದು ಉದ್ದದ ಧಾರಾವಾಹಿ ಅಂದ್ರೆ ಮನೆ ಬಾಡಿಗೆ, ಮಕ್ಕಳ ಫೀಸು. ಮಿತಿ ಹಾಕಿದರೆ ಮೊದಲು ಪೆಟ್ಟು ಬೀಳೋದು ಅವರಿಗೇ, ಚಾನೆಲ್‌ಗಲ್ಲ.

ತೆಲುಗಿನಿಂದಲೋ ಬಂಗಾಳಿಯಿಂದಲೋ ತಂದ ಕತೆಗೆ ಹೆಸರು ಬದಲಿಸೋದು ಬಿಡಿ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲ್ಲಾಳಿ ಅಂಗಡಿ ನಡೆಸೋ ಒಬ್ಬ ಹೆಣ್ಣುಮಗಳ ಕತೆ ಬರೆಯಿರಿ. ಇಲ್ಲಿಯ ನಟರನ್ನು ಹಾಕಿ, ಒಂದು ತಿಂಗಳ ಮಾತನ್ನು ಮೊದಲೇ ಅವರ ಕೈಗೆ ಕೊಡಿ. 500 ಸಂಚಿಕೆ ಆದರೂ ಅವ್ವ ನೋಡುತ್ತಾಳೆ, ನಾನೂ ನೋಡುತ್ತೇನೆ.